ಹೊಗಳಿಕೆಗೆ ದಾವೆಯಿಲ್ಲ

ಬೆಲ್ಲ ಕೊಳ್ಳುವವನು ಪೆಂಟೆಯ ಮೂಲೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ನಮ್ಮ ಚಿಮ್ಮಡಕ್ಕೆ ನೆರೆಯ ಮಹಾಲಿಂಗಪುರದ ಪೇಟೆಗೆ ಹೋದವರಿಗೆ ಇದು ಹೊಸ ನೋಟವಲ್ಲ. ಬಣ್ಣ ನೋಡಿ, ಬೆರಳಲ್ಲಿ ಪುಡಿ ಮಾಡಿ, ನಾಲಿಗೆಗೆ ತಾಗಿಸಿದ ಮೇಲೆಯೇ ಬೆಲೆಯ ಮಾತು. ರಬಕವಿ-ಬನಹಟ್ಟಿಯಲ್ಲಿ ಸೀರೆ ಕೊಳ್ಳುವ ಹೆಣ್ಣುಮಗಳೂ ಸೆರಗು ಬಿಡಿಸಿ ಬೆಳಕಿಗೆ ಹಿಡಿಯದೆ ಗಂಟು ಬಿಚ್ಚುವುದಿಲ್ಲ. ಮಾಲು ಕಣ್ಣೆದುರಿಗಿದ್ದು, ಪರೀಕ್ಷಿಸುವ ಕಣ್ಣು ನಾಲಿಗೆಗಳು ನಮ್ಮವೇ ಆಗಿರುವಾಗ ವಿಮರ್ಶಕನಿಗೆ ಅಲ್ಲಿ ಕೆಲಸವಿಲ್ಲ. ಮಾಲು ದೂರದಲ್ಲಿದ್ದರೆ, ಇಲ್ಲವೆ ಅದರ ಗುಣ ಬೇಗ ತಿಳಿಯುವಂಥದಲ್ಲದಿದ್ದರೆ, ಇನ್ನೊಬ್ಬರ ನಾಲಿಗೆಯನ್ನು ಎರವಲು ಪಡೆಯಬೇಕಾಗುತ್ತದೆ. ಆ ಎರವಲು ನಾಲಿಗೆಗೇ ನಾವು ವಿಮರ್ಶೆ ಎನ್ನುತ್ತೇವೆ. ಆ ನಾಲಿಗೆಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆಯೂ ಕೂಡಲೇ ಏಳುತ್ತದೆ.

ಈ ಪ್ರಶ್ನೆಯನ್ನು ನೇರವಾಗಿ ಕನ್ನಡ ಪುಸ್ತಕ ವಿಮರ್ಶೆಯ ವಿಷಯದಲ್ಲಿ ಎತ್ತಿದರೆ ಹತ್ತು ಮಂದಿ ತಮ್ಮನ್ನೇ ಕುರಿತು ಹೇಳಿದರೆಂದು ಭಾವಿಸುವ ಸಂಭವವುಂಟು. ಆದ್ದರಿಂದ ಸ್ವಲ್ಪ ದೂರದ, ಆದರೆ ಬಹಳ ತಿಳಿವು ಕೊಡುವ ಒಂದು ವ್ಯವಹಾರವನ್ನು ವಾಚಕರ ಮುಂದಿಡುತ್ತೇನೆ. ಅದು ಹಾಡು ಕೇಳಿಸುವ ಬೆಲೆಬಾಳುವ ಯಂತ್ರಗಳನ್ನು ತಯಾರಿಸುವವರಿಗೂ ಅವುಗಳ ಗುಣದೋಷ ಬರೆಯುವ ಪತ್ರಿಕೆಗಳಿಗೂ ಅಮೆರಿಕದಲ್ಲಿ ನಡೆದ ಜಗಳ. ಕನ್ನಡದ ಅಧ್ಯಾಪಕನಿಗೆ ಧ್ವನಿವರ್ಧಕದ ಗೊಡವೆ ಏಕೆ ಎಂದು ಕೇಳಬಹುದು. ನಮ್ಮ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರ ಕಂಠವನ್ನು, ೧೯೪೩ರ ‘ಕಿಸ್ಮತ್’ ಚಿತ್ರದ ಹಾಡುಗಳಲ್ಲಿ, ದೇಶವೆಲ್ಲ ಕೇಳಿತು. ಅವರ ಎದುರಿಗೆ ಕುಳಿತು ಕೇಳಿದವರು ಎಷ್ಟು ಮಂದಿ? ಉಳಿದವರೆಲ್ಲ ಕೇಳಿದ್ದು ಪೆಟ್ಟಿಗೆಯ ಮೂಲಕವೇ. ಕಂಠಕ್ಕೂ ಕಿವಿಗೂ ನಡುವೆ ಪೆಟ್ಟಿಗೆ, ಪೆಟ್ಟಿಗೆಗೂ ಕೊಳ್ಳುವವನಿಗೂ ನಡುವೆ ವಿಮರ್ಶಕ. ಕವಿ, ಪುಸ್ತಕ, ವಿಮರ್ಶಕ, ಓದುಗ ಎಂಬ ನಮ್ಮ ಸಾಲಿಗೂ ಇದಕ್ಕೂ ಬಹಳ ಅಂತರವಿಲ್ಲ.

ಜಗಳದ ಒಂದು ಕಡೆ ಇದ್ದವರು ಅಮರ ಗೋಪಾಲ ಬೋಸ್. ತಂದೆ ನೊನಿ ಗೋಪಾಲ ಬೋಸ್ ಬಂಗಾಲದ ಸ್ವಾತಂತ್ರ್ಯ ಹೋರಾಟಗಾರರು, ಬ್ರಿಟಿಷರ ಕಾಟದಿಂದ ಅಮೆರಿಕ ಸೇರಿದವರು. ಮಗ ೧೯೨೯ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿ, ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಪ್ರಾಧ್ಯಾಪಕರಾದರು. ದುಡ್ಡು ಕೊಟ್ಟು ತಂದ ಧ್ವನಿಯಂತ್ರ ಸಭಾಂಗಣದ ಸಂಗೀತದಂತೆ ಕೇಳಲಿಲ್ಲವೆಂಬ ಅತೃಪ್ತಿಯೇ ಅವರನ್ನು ಸಂಶೋಧನೆಗೆ ಹಚ್ಚಿತು. ಸಭಾಂಗಣದಲ್ಲಿ ನಮ್ಮ ಕಿವಿಗೆ ಬರುವ ನಾದದ ಬಹುಪಾಲು ವಾದ್ಯದಿಂದ ನೇರವಾಗಿ ಬರುವುದಿಲ್ಲ, ಗೋಡೆ ಮಾಳಿಗೆಗಳಿಗೆ ಬಡಿದು ತಿರುಗಿ ಬರುತ್ತದೆ ಎಂಬುದನ್ನು ಅವರು ಆಧಾರವಾಗಿ ಹಿಡಿದರು. ೧೯೬೪ರಲ್ಲಿ ಕಂಪನಿ ಕಟ್ಟಿ, ೧೯೬೮ರಲ್ಲಿ ‘ಬೋಸ್ ೯೦೧’ ಎಂಬ ಧ್ವನಿವರ್ಧಕವನ್ನು ಪೇಟೆಗೆ ತಂದರು. ಪ್ರತಿ ಪೆಟ್ಟಿಗೆಯಲ್ಲೂ ಒಂಬತ್ತು ಸಣ್ಣ ಸ್ಪೀಕರುಗಳು. ಒಂದು ಮಾತ್ರ ಕೇಳುವವರ ಕಡೆಗೆ, ಎಂಟು ಹಿಂದಿನ ಗೋಡೆಯ ಕಡೆಗೆ. ಜನ ಅದುವರೆಗೆ ಕಂಡ ಪೆಟ್ಟಿಗೆಗಳಿಗಿಂತ ಇದು ತೀರ ಬೇರೆಯಾಗಿತ್ತು.

ಇನ್ನೊಂದು ಕಡೆ ಇದ್ದದ್ದು ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಮಾಸಪತ್ರಿಕೆ. ೧೯೩೬ರಲ್ಲಿ ಹುಟ್ಟಿದ ಗ್ರಾಹಕರ ಸಂಘವೊಂದು ಅದನ್ನು ನಡೆಸುತ್ತಿತ್ತು. ಜಾಹೀರಾತು ತೆಗೆದುಕೊಳ್ಳಬಾರದು, ತಯಾರಕರು ಕಳಿಸಿದ ಮಾದರಿಯನ್ನು ಪರೀಕ್ಷೆಗೆ ಮುಟ್ಟಬಾರದು, ಎಲ್ಲರಂತೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರಬೇಕು ಎಂಬುದು ಅದರ ನೇಮ. ೧೯೭೦ರ ಮೇ ಸಂಚಿಕೆಯಲ್ಲಿ ಅದು ಹಲವು ಧ್ವನಿವರ್ಧಕಗಳ ಜೊತೆಗೆ ೯೦೧ನ್ನೂ ಪರೀಕ್ಷಿಸಿ ಬರೆಯಿತು. ಕೆಲವು ಗುಣಗಳನ್ನು ಒಪ್ಪಿತು. ಆಮೇಲೆ ಒಂದು ದೋಷವನ್ನೆತ್ತಿತು. ಇದರಲ್ಲಿ ಒಂದೊಂದು ವಾದ್ಯವೂ ವಿಪರೀತ ದೊಡ್ಡದಾದಂತೆ ಕೇಳುತ್ತದೆ, ಪಿಟೀಲು ಹತ್ತು ಅಡಿ ಅಗಲ ಬೆಳೆದಂತೆ, ಪಿಯಾನೋ ಈ ಗೋಡೆಯಿಂದ ಆ ಗೋಡೆಗೆ ಚಾಚಿದಂತೆ ತೋರುತ್ತದೆ, ಅಲ್ಲದೆ ವಾದ್ಯಗಳು ಕೋಣೆಯ ತುಂಬ ಅಲೆದಾಡುವಂತಿವೆ ಎಂಬುದು ಅದರ ತಾತ್ಪರ್ಯ.

ಈ ‘ಕೋಣೆಯ ತುಂಬ’ ಎಂಬ ಮಾತಿನ ಮೇಲೆ ವ್ಯಾಜ್ಯ ನಿಂತಿತು. ೧೯೭೧ರಲ್ಲಿ ಬೋಸ್ ಕಂಪನಿ ದಾವೆ ಹೂಡಿತು. ಸಾಕ್ಷಿ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇದು: ಕೇಳಿ ನೋಡಿದವರಿಗೆ ನಾದ ಸರಿದಾಡಿದಂತೆ ಅನ್ನಿಸಿದ್ದು ನಿಜ, ಆದರೆ ಎರಡು ಪೆಟ್ಟಿಗೆಗಳ ನಡುವೆ ಗೋಡೆಯುದ್ದಕ್ಕೂ ಅತ್ತಿಂದಿತ್ತ ಮಾತ್ರ. ಕೋಣೆಯ ನಡುವೆ, ಕೇಳುವವರ ತಲೆಯ ಸುತ್ತ ಪಿಟೀಲು ತಿರುಗಾಡಲಿಲ್ಲ. ಬರೆದ ಎಂಜಿನಿಯರು, ತನ್ನ ಮಾತಿನ ಅರ್ಥ ಗೋಡೆಯುದ್ದಕ್ಕೂ ಎಂದೇ, ಎಂದು ಕಟಕಟೆಯಲ್ಲಿ ಹೇಳಿದ. ಇಷ್ಟು ಬುದ್ಧಿವಂತನಿಗೆ ಅಷ್ಟು ಸಾದಾ ಮಾತಿನ ಅರ್ಥ ತಿಳಿಯದೆ ಹೋಯಿತೆಂದು ನಂಬಲಾಗದು ಎಂದರು ಕೆಳಗಿನ ನ್ಯಾಯಾಧೀಶರು. ೧೯೮೧ರಲ್ಲಿ ತೀರ್ಪು ಕಂಪನಿಯ ಪರವಾಗಿ ಬಂದು, ಪತ್ರಿಕೆಯ ತಲೆಯ ಮೇಲೆ ಒಂದು ಲಕ್ಷ ಹದಿನೈದು ಸಾವಿರ ಡಾಲರಿಗೂ ಮಿಕ್ಕ ಪರಿಹಾರ ಬಿತ್ತು. ೧೯೮೨ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ೧೯೮೪ರ ಏಪ್ರಿಲ್ ೩೦ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆರಕ್ಕೆ ಮೂರರ ಬಹುಮತದಿಂದ ಪತ್ರಿಕೆಯನ್ನೇ ಎತ್ತಿಹಿಡಿಯಿತು. ಮಾತು ನಿಖರವಾಗಿರಲಿಲ್ಲ, ನಿಜ. ಆದರೆ ಸುಳ್ಳೆಂದು ಅರಿತೇ ಬರೆದದ್ದೆಂದಾಗಲಿ, ನಿಜ ಸುಳ್ಳಿನ ಪರಿವೆಯೇ ಇಲ್ಲದೆ ಬರೆದದ್ದೆಂದಾಗಲಿ ಸ್ಥಾಪಿತವಾಗಲಿಲ್ಲ. ಕೇಳಿದ್ದನ್ನು ಮಾತಿನಲ್ಲಿ ಹಿಡಿಯಲು ಹೊರಟವನು ತಪ್ಪು ಶಬ್ದ ಆರಿಸಿಕೊಂಡ ಮಾತ್ರಕ್ಕೆ ಅದು ದ್ವೇಷವಾಗದು. ಇದು ತೀರ್ಪಿನ ಸಾರ.

ಒಂದು ಶಬ್ದದ ಹಿಂದೆ ಹದಿಮೂರು ವರ್ಷ! ವ್ಯಾಕರಣ ಪಾಠ ಹೇಳುವವರಿಗೆ ಇದು ಸಂತೋಷದ ಸುದ್ದಿಯೇ ಸರಿ. ನಮ್ಮ ಭಾಷೆಯಲ್ಲಾದರೆ ಆ ಎಂಜಿನಿಯರು ‘ಕೋಣೆಯಲ್ಲಿ’ ಎಂದು ಒಂದು ಸಪ್ತಮೀ ವಿಭಕ್ತಿ ಹಚ್ಚಿ ಪಾರಾಗುತ್ತಿದ್ದ. ಗೋಡೆಯೂ ಕೋಣೆಯಲ್ಲಿಯೇ ಇದೆಯಷ್ಟೆ. ‘ಕೋಣೆಯ ತುಂಬ’ ಎಂದೊಡನೆ ಚಿತ್ರವೇ ಬದಲಾಗುತ್ತದೆ, ಒಂದು ಸಣ್ಣ ಕೊರತೆ ಹಾಸ್ಯಾಸ್ಪದ ವಿಕಾರವಾಗುತ್ತದೆ. ಬೋಸರ ಸಿಟ್ಟಿಗೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ವರ್ಷಗಟ್ಟಲೆ ದುಡಿದು ಮಾಡಿದ ವಸ್ತುವಿನ ಮೇಲೆ ಇಲ್ಲದ ದೋಷವನ್ನು ಹೊರಿಸಿದರೆ ಯಾರಿಗೆ ನೋವಾಗದು? ದೋಷ ಹೇಳುವ ಹಕ್ಕು ಎಷ್ಟು ದೊಡ್ಡದೋ, ಇದ್ದಷ್ಟೇ ದೋಷ ಹೇಳುವ ಹೊಣೆ ಅಷ್ಟೇ ದೊಡ್ಡದು. ನ್ಯಾಯಾಲಯ ಕ್ಷಮಿಸಿದ ಶಬ್ದವನ್ನು ವಿಮರ್ಶೆಯೂ ಕ್ಷಮಿಸಬೇಕೆಂದಿಲ್ಲ. ಕಾನೂನಿನ ತಕ್ಕಡಿ ಬೇರೆ, ಭಾಷೆಯ ತಕ್ಕಡಿ ಬೇರೆ.

ಆದರೂ ಈ ವ್ಯಾಜ್ಯ ಓದಿದಾಗ ನನ್ನನ್ನು ಕಾಡಿದ್ದು ಬೇರೆಯೇ ಒಂದು ವಿಚಾರ. ಒಂದು ಅತಿಯಾದ ನಿಂದೆಗೆ ಮೂರು ನ್ಯಾಯಾಲಯಗಳು ಕೂತು ನ್ಯಾಯ ನೋಡಿದವು. ಅದೇ ಕಾಲದಲ್ಲಿ ಅದೇ ಬಗೆಯ ಯಂತ್ರಗಳ ಮೇಲೆ ಬರೆದ ಅತಿಯಾದ ಹೊಗಳಿಕೆಗಳಿಗೆ ಎಷ್ಟು ಕೂತವು? ‘ನೀವು ಅಪೂರ್ವವೆಂದಿರಿ, ಕೇಳಿದರೆ ಅದರಲ್ಲಿ ಅಪೂರ್ವವೇನೂ ಇಲ್ಲ’ ಎಂದು ಗ್ರಾಹಕನೊಬ್ಬ ವಿಮರ್ಶಕನನ್ನು ಕಟಕಟೆಗೆ ಎಳೆದದ್ದನ್ನು ನಾನೆಲ್ಲೂ ಓದಿಲ್ಲ. ನಿಂದೆಯಿಂದ ನೊಂದವನು ಒಬ್ಬ, ಅವನಿಗೆ ಹೆಸರಿದೆ, ಹಣವಿದೆ, ವಕೀಲರಿದ್ದಾರೆ. ಹೊಗಳಿಕೆಯಿಂದ ಮೋಸಹೋದವರು ಹಲವರು, ಚದುರಿದವರು, ತಮಗೆ ಮೋಸವಾಯಿತೆಂದೇ ಅರಿಯದವರು. ಅದಕ್ಕೇ ಹೊಗಳಿಕೆ ಅಗ್ಗ, ನಿಂದೆ ತುಟ್ಟಿ.

ಹೀಗೆ ಅಗ್ಗವಾದ ಹೊಗಳಿಕೆ ಪತ್ರಿಕೆಗಳಲ್ಲಿ ಹೇಗೆ ಬೆಳೆಯಿತೆಂಬುದನ್ನು ಅದೇ ದೇಶದ ಮತ್ತೊಬ್ಬರ ಕತೆ ತೋರಿಸುತ್ತದೆ. ಜೆ. ಗಾರ್ಡನ್ ಹೋಲ್ಟ್ ಎಂಬವರು ‘ಹೈ ಫಿಡೆಲಿಟಿ’ ಎಂಬ ಪತ್ರಿಕೆಯಲ್ಲಿ ಯಂತ್ರಗಳ ಪರೀಕ್ಷೆಯ ಕೆಲಸದಲ್ಲಿದ್ದರು. ಜಾಹೀರಾತು ಕೊಡುವವರ ಮಾಲಿನ ಮೇಲೆ ಕಟುವಾದ ಮಾತು ಅಚ್ಚಾಗುವುದು ಅಲ್ಲಿ ಸುಲಭವಾಗಿರಲಿಲ್ಲವೆಂದು ಬೇಸತ್ತು ಹೊರಬಂದು, ೧೯೬೨ರಲ್ಲಿ ‘ಸ್ಟೀರಿಯೋಫೈಲ್’ ಎಂಬ ತಮ್ಮದೇ ಸಣ್ಣ ಪತ್ರಿಕೆ ತೆಗೆದರು. ಹೊತ್ತಿಗೆ ಸರಿಯಾಗಿ ಸಂಚಿಕೆ ಹೊರಡಿಸಲು ಅದು ಬಹಳ ತಿಣುಕಿತು. ೧೯೭೩ರಲ್ಲಿ ಹ್ಯಾರಿ ಪಿಯರ್ಸನ್ ಎಂಬವರೂ ಮೊದಮೊದಲು ಜಾಹೀರಾತಿಲ್ಲದೆಯೇ ‘ದಿ ಆ್ಯಬ್ಸಲ್ಯೂಟ್ ಸೌಂಡ್’ ಎಂಬ ಪತ್ರಿಕೆ ಆರಂಭಿಸಿದರು. ಯಂತ್ರದ ಸಹಾಯವಿಲ್ಲದೆ, ನಿಜವಾದ ಸ್ಥಳದಲ್ಲಿ, ನಿಜವಾದ ವಾದ್ಯ ನುಡಿದಾಗ ಕೇಳುವ ನಾದವೇ ಅಳತೆಗೋಲು, ಪೆಟ್ಟಿಗೆ ಅದಕ್ಕೆ ಎಷ್ಟು ಹತ್ತಿರ ಬಂತೆಂಬುದೇ ಪರೀಕ್ಷೆ, ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ಕಾಲಾನಂತರ ಎರಡೂ ಪತ್ರಿಕೆಗಳು ತಯಾರಕರ ಜಾಹೀರಾತನ್ನು ಒಪ್ಪಿಕೊಂಡವು. ಕಾಗದಕ್ಕೆ, ಅಂಚೆಗೆ, ಸಂಬಳಕ್ಕೆ ಹಣ ಬೇಕಲ್ಲವೆ? ನಾನು ಇದನ್ನು ಪತನವೆಂದು ಬರೆಯುತ್ತಿಲ್ಲ. ಜಾಹೀರಾತು ತೆಗೆದುಕೊಂಡೂ ಖಾರವಾಗಿ ಬರೆದವರಿದ್ದಾರೆ. ಆದರೆ ಒಂದು ಸಂಗತಿ ಉಳಿಯುತ್ತದೆ. ತಯಾರಕ ಪರೀಕ್ಷೆಗೆಂದು ಯಂತ್ರ ಕಳಿಸುತ್ತಾನೆ, ಅದು ತಿಂಗಳುಗಟ್ಟಲೆ ವಿಮರ್ಶಕನ ಮನೆಯಲ್ಲಿರುತ್ತದೆ, ಬೇಕಾದರೆ ಕಡಿಮೆ ದರಕ್ಕೆ ಅವನದೇ ಆಗುತ್ತದೆ, ಅದೇ ಯಂತ್ರದ ಬಣ್ಣದ ಚಿತ್ರ ಪತ್ರಿಕೆಯ ಹಿಂಬದಿಯ ಪುಟದಲ್ಲಿರುತ್ತದೆ. ಇಂಥಲ್ಲಿ ಯಾರೂ ಯಾರಿಗೂ ಲಂಚ ಕೊಡಬೇಕಾಗಿಲ್ಲ. ನಾಲಿಗೆ ತಾನಾಗಿಯೇ ಮೆತ್ತಗಾಗುತ್ತದೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆ ಮನುಷ್ಯಧರ್ಮದ ದೃಷ್ಟಿಯಿಂದ ಎಷ್ಟು ಸೊಗಸೋ ವಿಮರ್ಶೆಯ ದೃಷ್ಟಿಯಿಂದ ಅಷ್ಟೇ ಅಪಾಯ.

ಹಳೆಯ ಗ್ರಾಮೋಫೋನ್ ತಟ್ಟೆಗಳ ಮೇಲಿನ ನಾಯಿಯ ಚಿತ್ರ ನೆನಪಿದೆಯಷ್ಟೆ? ಕಹಳೆಯ ಮುಂದೆ ಕೂತು, ತಲೆ ಓರೆ ಮಾಡಿ, ಒಡೆಯನ ದನಿಯನ್ನು ಕೇಳುತ್ತದೆ. ಯಂತ್ರ ಎಷ್ಟು ನಿಷ್ಠೆಯಿಂದ ದನಿ ಹಿಡಿದಿದೆಯೆಂದು ತೋರಿಸಲು ಆ ಚಿತ್ರ. ಅದೇ ಚಿತ್ರವನ್ನು ಬೇರೊಂದು ದೃಷ್ಟಿಯಿಂದ ನೋಡಿದರೆ, ಸಂಗೀತದ ಗೊಡವೆಯಿಲ್ಲದೆ ಒಡೆಯನ ದನಿಯೊಂದನ್ನೇ ಗುರುತಿಸುವ ಕಿವಿಯ ಚಿತ್ರವೂ ಅದೇ ಆಗುತ್ತದೆ.

ಇಷ್ಟಾಗಿ ಸುಳ್ಳು ಹೊಗಳಿಕೆಯಿಂದ ಆಗುವ ಹಾನಿ ಏನು? ಕೆಲವು ರೂಪಾಯಿಗಳ ನಷ್ಟ, ಅಷ್ಟೇ ಅಲ್ಲವೆ ಎನ್ನುವವರಿದ್ದಾರೆ. ಹಾಗಲ್ಲವೆಂಬುದು ನನಗೆ ತಿಳಿದದ್ದು ಒಬ್ಬ ವಿದ್ಯಾರ್ಥಿಯಿಂದ. ನೇಕಾರರ ಮನೆಯ ಹುಡುಗ, ಬಿ.ಎ. ಎರಡನೆಯ ವರ್ಷ. ಪತ್ರಿಕೆಯೊಂದರಲ್ಲಿ ಬಹಳ ಮೆಚ್ಚಿಕೆ ಬಂದಿದ್ದ ಕವನ ಸಂಗ್ರಹವನ್ನು ಖರ್ಚಿನ ದುಡ್ಡು ಉಳಿಸಿ ಕೊಂಡು ತಂದಿದ್ದ. ಒಂದು ವಾರ ಬಿಟ್ಟು ಬಂದು ಕೇಳಿದ: “ಸರ್, ಪೇಪರಿನ್ಯಾಗ ಭಾಳ ಚಲೋ ಐತಿ ಅಂತ ಬರದಾರ್ರೀ. ನಾ ಎರಡು ಸಲ ಓದಿದೆ, ನನಗೇನೂ ಹತ್ತಲಿಲ್ರೀ. ಪುಸ್ತಕದಾಗ ಇಲ್ಲೋ, ನನಗ ತಿಳೀವಲ್ದೋ?”

ಪುಸ್ತಕ ನಾನೂ ಓದಿದ್ದೆ. ಅದರಲ್ಲಿ ಹತ್ತುವಂಥದು ಏನೂ ಇರಲಿಲ್ಲ. ಹಾಗೆಂದು ಅವನಿಗೆ ಹೇಳಿದೆ. ಅವನ ಮುಖದಲ್ಲಿ ಕಂಡದ್ದು ದುಡ್ಡು ಹೋಯಿತೆಂಬ ವ್ಯಥೆಗಿಂತ ಹೆಚ್ಚಾಗಿ, ತಪ್ಪು ತನ್ನದಲ್ಲವೆಂದು ತಿಳಿದ ನಿರಾಳ. ಆ ಒಂದು ವಾರ ಅವನು ತನ್ನನ್ನೇ ದಡ್ಡನೆಂದು ತಿಳಿದಿದ್ದ. ಕೇಳಲು ಯಾರೂ ಇಲ್ಲದೆ ಹಾಗೆಯೇ ತಿಳಿದು ಸಾಹಿತ್ಯದಿಂದ ದೂರ ಸರಿದವರು ಎಷ್ಟು ಮಂದಿಯೋ! ಸುಳ್ಳು ನಿಂದೆ ಮಾಡಿದವನ ಮಾಲಿಗೆ ಪೆಟ್ಟು ಕೊಡುತ್ತದೆ. ಸುಳ್ಳು ಹೊಗಳಿಕೆ ಕೊಂಡವನ ಕಿವಿಗೆ, ಆ ಕಿವಿಯ ಮೇಲೆ ಅವನಿಗಿದ್ದ ನಂಬಿಕೆಗೆ ಪೆಟ್ಟು ಕೊಡುತ್ತದೆ. ಮಾಲು ಹಾಳಾದರೆ ಇನ್ನೊಂದು ತಯಾರಾದೀತು. ಓದುಗನ ಆತ್ಮವಿಶ್ವಾಸ ಹಾಗೆ ತಯಾರಾಗುವ ವಸ್ತುವಲ್ಲ.

ಸಂಗೀತಯಂತ್ರದ ವಿಷಯದಲ್ಲೂ ಹೀಗೆಯೇ. ಸಾವಿರಾರು ರೂಪಾಯಿಯ ತಂತಿಯಿಂದ ನಾದದ ಪರದೆಗಳು ಸರಿದವೆಂದು ಓದಿ ಕೊಂಡವನು, ತನ್ನ ಕಿವಿಗೆ ಯಾವ ವ್ಯತ್ಯಾಸವೂ ಕೇಳದಾಗ ಪತ್ರಿಕೆಯನ್ನು ಸಂಶಯಿಸುವುದಿಲ್ಲ, ಕಿವಿಯನ್ನು ಸಂಶಯಿಸುತ್ತಾನೆ. ಕ್ರಮೇಣ ಕೇಳದ್ದನ್ನೂ ಕೇಳಿದೆನೆನ್ನಲು ಕಲಿಯುತ್ತಾನೆ. ಇದು ಬರಿಯ ಊಹೆಯಲ್ಲ. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬ ಇಬ್ಬರು ಸಂಶೋಧಕರು ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವೇ ಧ್ವನಿವರ್ಧಕಗಳನ್ನು ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಕಾಣದಂತೆ ಇಟ್ಟು ಕೇಳಿಸಿದರು. ಯಾವುದು ಯಾರದೆಂದು ಕಂಡೊಡನೆ ಕೇಳುಗರು ಕೊಟ್ಟ ಅಂಕಗಳು ಬದಲಾದವು. ಅನುಭವಸ್ಥ ಕಿವಿಗಳೂ ಇದಕ್ಕೆ ಹೊರತಾಗಲಿಲ್ಲ. ಕಣ್ಣು ಕಿವಿಗೆ ಪಾಠ ಹೇಳಿಕೊಟ್ಟಿತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಐ. ಎ. ರಿಚರ್ಡ್ಸರ ನೆನಪಾಗದಿರದು. ಕೇಂಬ್ರಿಜ್‌ನಲ್ಲಿ ಅವರು ಕವಿಯ ಹೆಸರು ಮುಚ್ಚಿ ಪದ್ಯಗಳನ್ನು ಹಂಚಿ, ಬಂದ ಅಭಿಪ್ರಾಯಗಳನ್ನು ಪರಿಶೀಲಿಸಿ, ೧೯೨೯ರಲ್ಲಿ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಗ್ರಂಥ ಪ್ರಕಟಿಸಿದರು. ಹೆಸರಿನ ಊರುಗೋಲು ಕಿತ್ತೊಡನೆ ಎಷ್ಟೋ ಓದುಗರು ಮುಗ್ಗರಿಸಿದರು. ದೊಡ್ಡ ಕವಿಯ ಪದ್ಯ ಹಳಿದು, ಸಾಧಾರಣದ್ದನ್ನು ಎತ್ತಿ ಹಿಡಿದವರಿದ್ದರು. ಧ್ವನಿವರ್ಧಕದ ಮೇಲೆ ಕಂಪನಿಯ ಗುರುತು ಮಾಡುವ ಕೆಲಸವನ್ನೇ ಪುಸ್ತಕದ ಮೇಲೆ ಕವಿಯ ಹೆಸರು, ಮುನ್ನುಡಿ ಬರೆದವರ ಹೆಸರು, ಬಂದ ಬಹುಮಾನದ ಹೆಸರು ಮಾಡುತ್ತವೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಅಮೆರಿಕದ ಪತ್ರಿಕೆಗಳಿಗೆ ಜಾಹೀರಾತಿನ ಹಂಗು. ಕನ್ನಡ ಪುಸ್ತಕ ವಿಮರ್ಶೆಗೆ ಅಷ್ಟು ದೊಡ್ಡ ಹಂಗು ಎಲ್ಲಿಯದು? ಪುಸ್ತಕ ಪ್ರಕಾಶಕರು ಕೊಡುವ ಜಾಹೀರಾತಿನಿಂದ ಯಾವ ದಿನಪತ್ರಿಕೆಯೂ ಬದುಕಿಲ್ಲ. ನಮ್ಮ ಹಂಗು ಪರಿಚಯದ್ದು. ನಮ್ಮಂಥ ಊರುಗಳಲ್ಲಿ ಪುಸ್ತಕ ಬರೆದವರು ತಾವೇ ಮನೆಗೆ ಬಂದು, ಚಹಾ ಕುಡಿದು, ಹಸ್ತಾಕ್ಷರ ಹಾಕಿ ಪ್ರತಿ ಕೊಟ್ಟು ಹೋಗುತ್ತಾರೆ. ಮುಂದಿನ ವಾರ ಜಮಖಂಡಿಯ ಬಸ್ ನಿಲ್ದಾಣದಲ್ಲಿ ಅವರೇ ಎದುರಾಗುತ್ತಾರೆ. ಮುಂದಿನ ತಿಂಗಳು ಸಮ್ಮೇಳನದ ವೇದಿಕೆಯಲ್ಲಿ ಪಕ್ಕದ ಕುರ್ಚಿ ಅವರದೇ. ನಾನೊಮ್ಮೆ ಒಂದು ಕಾದಂಬರಿಯ ಕೊನೆಯ ಭಾಗ ಸಡಿಲವಾಗಿದೆಯೆಂದು ಎರಡು ವಾಕ್ಯ ಬರೆದದ್ದಕ್ಕೆ ಅದರ ಲೇಖಕರು ಮೂರು ವರ್ಷ ಮಾತಾಡಿಸಲಿಲ್ಲ. ಅದೇ ವಿಮರ್ಶೆಯಲ್ಲಿ ಮೆಚ್ಚಿ ಬರೆದ ಎರಡು ಪುಟ ಅವರ ನೆನಪಿನಲ್ಲಿರಲಿಲ್ಲ. ಭಾಷೆಯ ಊರು ಸಣ್ಣದಿದ್ದಷ್ಟೂ ವಿಮರ್ಶಕ ಒಬ್ಬಂಟಿ. ಅದಕ್ಕೇ ನಮ್ಮಲ್ಲಿ ವಿಮರ್ಶೆಗಳಿಗಿಂತ ಮುನ್ನುಡಿಗಳ ಬೆಳೆ ಹುಲುಸು.

ಹಂಗಿನಲ್ಲಿದ್ದೂ ಮಾತಿನ ಸತ್ಯ ಉಳಿಸಿಕೊಳ್ಳುವುದು ಸಾಧ್ಯವೇ ಇಲ್ಲವೆ? ಇದಕ್ಕೆ ಉತ್ತರ ನಮ್ಮ ನೆರೆಯ ಮುಧೋಳದಲ್ಲೇ ಇದೆ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನ ಚಾಲುಕ್ಯರ ಆಶ್ರಯ ಪಡೆದು, ಒಡೆಯನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಗದಾಯುದ್ಧ’ ಬರೆದ. ಲೆಕ್ಕದ ಪ್ರಕಾರ ಕಾವ್ಯದ ನಾಯಕ ಭೀಮ. ಆದರೆ ಸಾವಿರ ವರ್ಷಗಳ ಮೇಲೂ ಓದುಗರ ಕಣ್ಣಲ್ಲಿ ನೀರು ತರಿಸುವವನು ದುರ್ಯೋಧನ. ಒಡೆಯನಿಗೆ ಸಲ್ಲಬೇಕಾದ ಹೊಗಳಿಕೆಯನ್ನು ರನ್ನ ಪೂರ್ತಿ ಸಲ್ಲಿಸಿದ. ಸೋತವನ ಘನತೆ ಕಣ್ಣಿಗೆ ಬಿದ್ದಾಗ ಅದನ್ನು ಮುಚ್ಚಿಡಲಿಲ್ಲ. ಉಪ್ಪುಂಡರೂ ಕಣ್ಣು ಮಾರಿಕೊಳ್ಳದ ರೀತಿ ಅದು. ಹತ್ತಿರದ ಕಾಲಕ್ಕೆ ಬಂದರೆ, ೧೯೮೦ರಲ್ಲಿ ಪಿ. ಲಂಕೇಶರು ಜಾಹೀರಾತಿಲ್ಲದೆ, ಓದುಗರು ಕೊಡುವ ದುಡ್ಡನ್ನೇ ನಂಬಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಕನ್ನಡದಲ್ಲಿ ಅದು ನಡೆಯಬಲ್ಲುದೆಂದು ತೋರಿಸಿದರು. ಜಾಹೀರಾತಿಲ್ಲದ ಮಾತ್ರಕ್ಕೆ ಪತ್ರಿಕೆ ತಪ್ಪು ಮಾಡದೆಂದಲ್ಲ. ಬೋಸರ ವ್ಯಾಜ್ಯದಲ್ಲಿ ಎಡವಿದ್ದು ಜಾಹೀರಾತನ್ನು ಮುಟ್ಟದ ಪತ್ರಿಕೆಯೇ. ಹಂಗಿಲ್ಲದ ನಾಲಿಗೆಗೂ ನಿಖರವಾದ ಶಬ್ದ ತಾನಾಗಿ ಒದಗುವುದಿಲ್ಲ, ಅದನ್ನು ಬೇರೆಯಾಗಿಯೇ ಸಂಪಾದಿಸಬೇಕು.

ಕಾನೂನಿನ ಭಯ ವಿಮರ್ಶಕನಿಗೆ ಇರಬೇಕೆ ಎಂದು ಕೇಳುವವರು ಒಂದು ಸ್ವಾರಸ್ಯ ಗಮನಿಸಬೇಕು. ೧೮೬೦ರ ಭಾರತ ದಂಡಸಂಹಿತೆಯ ೪೯೯ನೆಯ ಕಲಮು ಮಾನಹಾನಿಯ ವಿಷಯದ್ದು. ಸಾರ್ವಜನಿಕರ ತೀರ್ಪಿಗೆ ಒಪ್ಪಿಸಿದ ಕೃತಿಯ ಬಗ್ಗೆ ಸದ್ಭಾವದಿಂದ ಹೇಳಿದ ಅಭಿಪ್ರಾಯ ಮಾನಹಾನಿಯಲ್ಲವೆಂದು ಅದರ ಆರನೆಯ ವಿನಾಯಿತಿ. ಅದಕ್ಕೆ ಕೊಟ್ಟ ಉದಾಹರಣೆಗಳು ಯಾವ ಕಾವ್ಯಮೀಮಾಂಸೆಗೂ ಕಡಿಮೆಯಲ್ಲ. ಒಬ್ಬನ ಪುಸ್ತಕ ಹುರುಳಿಲ್ಲದ್ದು, ಆದ್ದರಿಂದ ಬರೆದವನೂ ದುರ್ಬಲನಿರಬೇಕು ಎಂದರೆ ರಕ್ಷಣೆಯುಂಟು, ಏಕೆಂದರೆ ಮಾತು ಪುಸ್ತಕದಿಂದ ಹೊರಟಿತು. ಬರೆದವನು ದುರ್ಬಲ, ಆದ್ದರಿಂದ ಪುಸ್ತಕ ಹುರುಳಿಲ್ಲದ್ದಾದದ್ದರಲ್ಲಿ ಆಶ್ಚರ್ಯವಿಲ್ಲ ಎಂದರೆ ರಕ್ಷಣೆಯಿಲ್ಲ, ಏಕೆಂದರೆ ಮಾತು ಮನುಷ್ಯನಿಂದ ಹೊರಟಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೫೬ನೆಯ ಕಲಮಿನಲ್ಲೂ ಈ ವಿನಾಯಿತಿ ಉಳಿದಿದೆ. ಕೃತಿಯಿಂದ ಹೊರಡು, ಕೃತಿಕಾರನಿಂದ ಹೊರಡಬೇಡ ಎಂದು ನಾವು ತರಗತಿಯಲ್ಲಿ ಹೇಳುವುದನ್ನೇ ದಂಡಸಂಹಿತೆ ತನ್ನ ಭಾಷೆಯಲ್ಲಿ ಹೇಳಿದೆ.

ಆದರೆ ಇದೂ ನಿಂದೆಯ ಲೆಕ್ಕವೇ ಆಯಿತು. ಹೊಗಳಿಕೆಯ ಲೆಕ್ಕ ಕೇಳುವ ಕಾನೂನು ತೀರ ಇಲ್ಲವೆನ್ನುವಂತಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿನಲ್ಲಿ ಮಾಲನ್ನು ಅನುಮೋದಿಸಿದವರಿಗೂ ಮೊದಲ ಸಲಕ್ಕೆ ೧೦ ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಅದು ಜಾಹೀರಾತಿಗೆ ಸಂಬಂಧಿಸಿದ್ದು. ದಾಕ್ಷಿಣ್ಯಕ್ಕೆ ಬರೆದ ಮೆಚ್ಚಿಕೆ, ಸ್ನೇಹಕ್ಕೆ ನುಂಗಿದ ದೋಷ, ಮುಂದಿನ ಸಮ್ಮೇಳನವನ್ನು ನೆನೆದು ಮೆತ್ತಗಾದ ವಾಕ್ಯ, ಇವನ್ನು ಹಿಡಿಯುವ ಕಾಯಿದೆ ಇಲ್ಲ, ಇರಲೂ ಬಾರದು. ಕಾನೂನು ಕಾಲಿಡಲಾರದ ಕಡೆ ಬರೆಯುವವನ ಅಂತಃಸಾಕ್ಷಿಯೇ ನ್ಯಾಯಾಧೀಶನಾಗಬೇಕು. ಅದಕ್ಕೆ ಒಂದೇ ಪರೀಕ್ಷೆ ಸಾಕೆಂದು ನನಗೆ ತೋರುತ್ತದೆ. ಬರೆದ ಮೆಚ್ಚಿಕೆಯನ್ನು ಲೇಖಕನ ಮುಖ ನೆನೆದು ಓದಬಾರದು. ಖರ್ಚಿನ ದುಡ್ಡು ಉಳಿಸಿ ಆ ಪುಸ್ತಕ ಕೊಳ್ಳುವ ಹುಡುಗನ ಮುಖ ನೆನೆದು ಓದಬೇಕು. ಆಗ ಎಷ್ಟೋ ವಿಶೇಷಣಗಳು ತಾವಾಗಿ ಉದುರಿಹೋಗುತ್ತವೆ.

ಬೋಸರ ಮೇಲಿನ ಆ ಲೇಖನದಲ್ಲಿ ಎಲ್ಲರೂ ಒಂದು ಶಬ್ದವನ್ನು ಹಿಡಿದು ಹೊಡೆದಾಡಿದರು. ಅದರಲ್ಲೇ ಇದ್ದ ಇನ್ನೊಂದು ಮಾತಿನ ಬಗ್ಗೆ ಯಾರೂ ದಾವೆ ಹೂಡಲಿಲ್ಲ. ಈ ಯಂತ್ರ ಎಷ್ಟು ವಿಲಕ್ಷಣವೆಂದರೆ ಕೊಳ್ಳುವವರು ತಾವೇ ಕೇಳಿ ತಾವೇ ತೀರ್ಮಾನಿಸಬೇಕು, ಹೊಸತನದ ಬೆರಗು ಇಳಿದ ಮೇಲೂ ಹಿಡಿಸುವುದೆಂದು ಖಾತ್ರಿಯಾಗುವ ತನಕ ಅಷ್ಟು ಹಣ ಹಾಕದೆ ತಡೆಯುವುದು ಒಳಿತು, ಎಂಬ ಅರ್ಥದ ಮಾತದು. ಒಂದು ಶಬ್ದದಲ್ಲಿ ಎಡವಿದ ಪತ್ರಿಕೆ ಇಲ್ಲಿ ವಿಮರ್ಶೆಯ ಧರ್ಮವನ್ನು ಮರೆತಿರಲಿಲ್ಲ. ಎರವಲು ಕೊಟ್ಟ ನಾಲಿಗೆಯನ್ನು ಶಾಶ್ವತವಾಗಿ ಇಟ್ಟುಕೊಳ್ಳಿ ಎ೦ದು ಅದು ಹೇಳಲಿಲ್ಲ, ನಿಮ್ಮದನ್ನೇ ಬಳಸಿ ಎಂದಿತು.

ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ವೂ ತನ್ನ ಮೊದಲ ಪರಿಚ್ಛೇದವನ್ನು ಹೊಗಳಿಕೆಗೆ ಮೀಸಲಿಡಲಿಲ್ಲ, ಕಾವ್ಯದ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿತು. ಈ ನಾಡಿನವರು ಓದಿ ಕಲಿಯದೆಯೂ ಕಾವ್ಯದ ಮರ್ಮ ಬಲ್ಲವರು, ಎಳೆಯ ಮಕ್ಕಳಿಗೂ ಮೂಗರಿಗೂ ವಿವೇಕವುಂಟು ಎಂದು ಒಂಬತ್ತನೆಯ ಶತಮಾನದಲ್ಲೇ ಅದು ನಂಬಿತ್ತು. ಓದುಗನ ಕಿವಿಯ ಮೇಲೆ ಅಷ್ಟು ನಂಬಿಕೆಯಿಟ್ಟ ಪರಂಪರೆ ನಮ್ಮದು. ಆ ಕಿವಿಯನ್ನು ಅವನೇ ಸಂಶಯಿಸುವಂತೆ ಮಾಡುವ ಹೊಗಳಿಕೆಗೆ ನ್ಯಾಯಾಲಯದಲ್ಲಿ ದಾವೆಯಿಲ್ಲದಿದ್ದರೆ ಇಲ್ಲದಿರಲಿ. ಬರೆಯುವ ಮೇಜಿನ ಮುಂದೆ ಕೂತಾಗಲಾದರೂ ಆ ದಾವೆಯನ್ನು ನಮ್ಮ ಮೇಲೆ ನಾವೇ ಹೂಡಿಕೊಳ್ಳುವುದು ಮೇಲು.